ಒಂಬತ್ತು ಕಿಟಕಿ, ಒಂದು ಬಾಣಂತನ

ಹೊಸ ಮನೆಗೆ ಸೋಫಾ ಆರಿಸೋದು ಸುಲಭ. ಟೀವಿ ಇನ್ನೂ ಸುಲಭ. ಕಿಟಕಿಗೆ ಏನು ಹಾಕೋದು ಅನ್ನೋ ವಿಷಯವನ್ನು ಮಾತ್ರ ಎಲ್ಲರೂ ಕೊನೆಗೆ ಇಟ್ಟುಕೊಳ್ತಾರೆ. ನಮ್ಮಲ್ಲಿ ಆ ಕೊನೆ ಬಂದದ್ದು ನನಗೆ ಏಳು ತಿಂಗಳಾಗಿದ್ದಾಗ.

ನಾವಿರೋದು ಅಮೆರಿಕದ ಮಿನಿಯಾಪೊಲಿಸ್ ಹತ್ತಿರ. ಇಲ್ಲಿ ಜನವರಿಯ ಕೆಲವು ರಾತ್ರಿ ಮೈನಸ್ 20 ಡಿಗ್ರಿಗೂ ಇಳಿಯುತ್ತೆ. ನನ್ನ ಡೆಲಿವರಿ ಡೇಟ್ ಕೂಡ ಜನವರಿಯಲ್ಲೇ. ತಿಪಟೂರಿನಿಂದ ಅಮ್ಮ ಬಾಣಂತನಕ್ಕೆ ಬರೋದು ಅಂತ ತೀರ್ಮಾನ ಆಗಿತ್ತು. ಮಂಡಿನೋವಿನ ಅಪ್ಪ ಊರಲ್ಲೇ ಉಳಿದು, ಅಮ್ಮ ಒಬ್ಬಳೇ ಮೊದಲ ಸಲ ವಿಮಾನ ಹತ್ತಬೇಕು. ವಿಡಿಯೋ ಕಾಲ್‌ನಲ್ಲಿ ಮನೆಯೆಲ್ಲಾ ತೋರಿಸುವಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಬಾಣಂತಿ ಕೋಣೆ ಯಾವುದೇ? ಅದಕ್ಕೆ ಇಷ್ಟು ದೊಡ್ಡ ಕಿಟಕಿನಾ?"

ನಮ್ಮದು 1978ರಲ್ಲಿ ಕಟ್ಟಿದ ಮನೆ. ಒಂಬತ್ತು ಕಿಟಕಿ. ಗಾಜು ಎರಡು ಪದರದ್ದೇ, ಆದ್ರೆ ಹಳೇದು. ಮೊದಲಿದ್ದವರು ಬಿಟ್ಟುಹೋದ ಪ್ಲಾಸ್ಟಿಕ್ ಪಟ್ಟಿಯ ಬ್ಲೈಂಡ್ಸ್ ನೇತಾಡ್ತಿದ್ದವು, ಒಂದೊಂದಕ್ಕೂ ನೆಲದ ತನಕ ಜೋತುಬಿದ್ದ ಹಗ್ಗ. ನನ್ನ ಗಂಡ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ತಂದಿದ್ದರು, ಪಿಸ್ತೂಲಿನ ಥರ ಹಿಡಿದು ಗುಂಡಿ ಒತ್ತಿದರೆ ಎದುರಿನ ಮೇಲ್ಮೈ ಎಷ್ಟು ಬಿಸಿ ಅಂತ ತೋರಿಸುತ್ತೆ. ಹೊರಗೆ ಮೈನಸ್ 15 ಇದ್ದ ಒಂದು ರಾತ್ರಿ ಅಳೆದೆವು. ಹೀಟರ್ 21ಕ್ಕೆ ಇಟ್ಟಿತ್ತು. ಗೋಡೆ 19. ಕಿಟಕಿ ಗಾಜಿನ ನಡುಭಾಗ 9, ಕೆಳಗಿನ ಅಂಚು 4. ಮಂಚದ ಪಕ್ಕದಲ್ಲಿ ಒಂದು ಫ್ರಿಜ್ಜಿನ ಬಾಗಿಲು ತೆರೆದಿಟ್ಟ ಹಾಗೆ. ಅಮೆರಿಕದ ಇಂಧನ ಇಲಾಖೆಯ ಪ್ರಕಾರ ಮನೆ ಬಿಸಿ ಮಾಡಲು ಖರ್ಚಾಗುವ ಶಕ್ತಿಯಲ್ಲಿ ಸುಮಾರು 30% ಕಿಟಕಿಗಳಿಂದಲೇ ಹೋಗುತ್ತೆ. ಆ ರಾತ್ರಿ ಮಂಚದ ಮೇಲೆ ಕೂತಾಗ ಅದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಇಲ್ಲಿ ಎಲ್ಲರೂ ಹೇಳಿದ್ದು ಸೆಲ್ಯುಲರ್ ಶೇಡ್ ಹಾಕಿಸಿ ಅಂತ. ನೋಡಿಲ್ಲದವರಿಗೆ: ಎರಡು ಪದರ ಬಟ್ಟೆಯನ್ನು ಸಾಲುಸಾಲಾಗಿ ಅಂಟಿಸಿರ್ತಾರೆ, ಪಕ್ಕದಿಂದ ನೋಡಿದರೆ ಜೇನುಗೂಡಿನ ಥರ ಕಾಣುತ್ತೆ. ಕೆಳಗೆ ಎಳೆದರೆ ಗೂಡುಗಳು ಬಿಚ್ಚಿಕೊಂಡು ಒಳಗೆ ಗಾಳಿ ತುಂಬಿಕೊಳ್ಳುತ್ತೆ, ಮೇಲೆತ್ತಿದರೆ ಮಡಚಿಕೊಂಡು ಎರಡು-ಮೂರು ಇಂಚಿನ ಪಟ್ಟಿ ಆಗುತ್ತೆ. ಬೆಚ್ಚಗೆ ಇಡೋದು ಬಟ್ಟೆಯಲ್ಲ, ಗೂಡೊಳಗೆ ಅಲುಗಾಡದೆ ನಿಂತ ಗಾಳಿ. ಕಂಬಳಿ, ಸ್ವೆಟರ್ ಎಲ್ಲಾ ಕೆಲಸ ಮಾಡೋದು ಹಾಗೇ ತಾನೆ. 1973ರ ತೈಲ ಬಿಕ್ಕಟ್ಟಿನ ನಂತರ ಇಲ್ಲಿ ಮನೆ ಬಿಸಿ ಮಾಡೋ ಖರ್ಚು ಏರಿ, ಸೋರೋ ಶಾಖವನ್ನು ಹೇಗೆ ತಡೆಯೋದು ಅನ್ನೋ ಯೋಚನೆ ಜೋರಾಯ್ತು. ಹಂಟರ್ ಡಗ್ಲಸ್ ಕಂಪನಿ 'ಡ್ಯುಯೆಟ್' ಹೆಸರಲ್ಲಿ ಜೇನುಗೂಡು ಶೇಡ್ ತಂದದ್ದು 1985ರಲ್ಲಿ. ಈಗ ಎಲ್ಲಾ ಅಂಗಡಿಯಲ್ಲೂ ಸಿಗುತ್ತೆ.

ಮನೆಗೇ ಬಂದು ಅಳತೆ ತೆಗೆದುಕೊಳ್ಳೋ ಒಬ್ಬರನ್ನು ಕರೆಸಿದೆವು. ಸ್ಯಾಂಪಲ್ ಪುಸ್ತಕ ಬಿಚ್ಚಿ ಬಣ್ಣಗಳ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಬಿಳಿಯಲ್ಲೇ ಹನ್ನೊಂದು ಬಗೆ ಇತ್ತು. ಕೊನೆಗೆ ಒಂಬತ್ತೂ ಕಿಟಕಿಗೆ ಒಂದೇ ಮಾದರಿ, ಒಂದೇ ಬಣ್ಣ, ಒಟ್ಟು 4,200 ಡಾಲರ್ ಅಂದರು. ಅಮ್ಮನಿಗೆ ಹೇಳಿದೆ. ಅವಳು ಡಾಲರ್ ಲೆಕ್ಕದಲ್ಲಿ ನನಗಿಂತ ಚುರುಕು. "ಮೂರೂವರೆ ಲಕ್ಷನಾ? ಪರದೆಗಾ? ಅಷ್ಟರಲ್ಲಿ ನಮ್ಮ ಹಿತ್ತಲಲ್ಲಿ ಒಂದು ರೂಮೇ ಎಬ್ಬಿಸಬಹುದು ಕಣೇ!"

ಆಮೇಲೆ ನಾವೇ ಕೂತು ಲೆಕ್ಕ ಹಾಕಿದೆವು. ಎಕ್ಸೆಲ್ ಶೀಟ್ ತೆರೆದೆ, ಅದು ನನ್ನ ಹುಟ್ಟುಗುಣ. ಒಂದೊಂದು ಸಾಲಿಗೆ ಒಂದೊಂದು ಕಿಟಕಿ. ದಿಕ್ಕು, ಅಳತೆ, ಸೆಲ್ ಸೈಜು ಎಲ್ಲಾ ತುಂಬಿಸಿದ ಮೇಲೆ ನನ್ನ ಗಂಡ ಒಂದು ಕಾಲಂ ಸೇರಿಸಿದರು: 'ಇಲ್ಲಿ ಯಾರು ಕೂತಿರ್ತಾರೆ?' ಆ ಕಾಲಂ ತುಂಬಿಸುತ್ತಾ ಹೋದ ಹಾಗೆ ಬೇರೆ ಕಾಲಂಗಳಿಗೆ ತಾವಾಗೇ ಉತ್ತರ ಬರತೊಡಗಿತು. ಗೆಸ್ಟ್ ಬಾತ್‌ರೂಮಿನ ಕಿಟಕಿಗೂ ಮಗು ಮಲಗೋ ಕೋಣೆಯ ಕಿಟಕಿಗೂ ಒಂದೇ ದುಡ್ಡು ಸುರಿಯೋದರಲ್ಲಿ ಅರ್ಥವೇ ಇಲ್ಲ.

ಮೊದಲ ಸಾಲು, ಮಗು ಇರೋ ಕೋಣೆ. ಅಲ್ಲಿ ಚಳಿಗಿಂತ ಮೊದಲು ಯೋಚಿಸಬೇಕಾದ್ದು ಹಗ್ಗ. ಇಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಹೇಳೋ ಪ್ರಕಾರ ಐದು ವರ್ಷದೊಳಗಿನ ಸರಾಸರಿ ಒಂಬತ್ತು ಮಕ್ಕಳು ಪ್ರತಿ ವರ್ಷ ಕಿಟಕಿ ಪರದೆಯ ಹಗ್ಗ ಕುತ್ತಿಗೆಗೆ ಸುತ್ತಿಕೊಂಡು ಸಾಯ್ತಾರೆ. ಓದಿದ ರಾತ್ರಿ ನಿದ್ದೆ ಬರಲಿಲ್ಲ. ಸದ್ದಾಗೋದಿಲ್ಲ, ಕೆಲವೇ ನಿಮಿಷದಲ್ಲಿ ಮುಗಿದುಹೋಗುತ್ತೆ, ಅಪ್ಪ-ಅಮ್ಮ ಪಕ್ಕದ ಕೋಣೆಯಲ್ಲೇ ಇರ್ತಾರೆ. 2024ರ ಜೂನ್‌ನಿಂದ ಬಂದ ಹೊಸ ಸುರಕ್ಷತಾ ಮಾನದಂಡದಲ್ಲಿ, ಆರ್ಡರ್ ಕೊಟ್ಟು ಮಾಡಿಸೋ ಪರದೆಗಳಲ್ಲೂ ಹೀಗೆ ಜೋತಾಡೋ ಹಗ್ಗಕ್ಕೆ ಅವಕಾಶ ಇಲ್ಲ. ರೆಡಿಮೇಡ್ ಮಾದರಿಗಳಿಗೆ ಅದಕ್ಕೂ ಮೊದಲೇ ಇತ್ತು. ಆದ್ರೆ ಹಳೇ ಮನೆಯಲ್ಲಿ ಆಗಲೇ ನೇತಾಡ್ತಿರೋದನ್ನು ಯಾರೂ ಬಂದು ಬಿಚ್ಚಿಕೊಂಡು ಹೋಗಲ್ಲ. ಬಾಡಿಗೆ ಮನೇಲಿ ಇರೋರು, ಸಣ್ಣ ಮಕ್ಕಳಿರೋರು ಇವತ್ತೇ ಒಂದು ಸಲ ಕಿಟಕಿಗಳ ಹತ್ತಿರ ಹೋಗಿ ನೋಡಿ. ತೊಟ್ಟಿಲು, ಮಂಚ ಕಿಟಕಿ ಪಕ್ಕ ಇದ್ದರೆ ಸರಿಸಿ. ನಮ್ಮ ಬೆಂಗಳೂರಿನ ಫ್ಲ್ಯಾಟುಗಳಲ್ಲೂ ರೋಲರ್ ಬ್ಲೈಂಡ್ಸ್ ಅಂತ ಹಾಕ್ತಾರಲ್ಲ, ಅದರ ಮಣಿಸರ ಕೂಡ ಕುಣಿಕೆಯೇ.

ನನ್ನ ಗಂಡ ಒಂದೇ ಶನಿವಾರದಲ್ಲಿ ಒಂಬತ್ತೂ ಹಳೇ ಬ್ಲೈಂಡ್ಸ್ ಕಳಚಿದರು. ಮೂರು ವಾರ ಮನೆ ಗಾಜಿನ ಪೆಟ್ಟಿಗೆ ಥರ ಇತ್ತು. ಬರೀ ಬೆಡ್‌ಶೀಟ್ ಕಟ್ಟಿಕೊಂಡು ಕಾಲ ಹಾಕಿದೆವು.

ಆಯ್ಕೆಯಲ್ಲಿ ಅಂಗಡಿಯವರು ಜಾಸ್ತಿ ಮಾತಾಡೋದು ಸಿಂಗಲ್ ಸೆಲ್ಲೋ ಡಬಲ್ ಸೆಲ್ಲೋ ಅನ್ನೋದರ ಬಗ್ಗೆ. ಡಬಲ್ ಅಂದ್ರೆ ಗೂಡಿನ ಹಿಂದೆ ಇನ್ನೊಂದು ಗೂಡು, ಬೆಲೆ ಜಾಸ್ತಿ, ಬೆಚ್ಚಗೂ ಸ್ವಲ್ಪ ಜಾಸ್ತಿ. ನನ್ನ ಅಭಿಪ್ರಾಯದಲ್ಲಿ ಅದು ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ ಪಕ್ಕದ ಸಂದು. ಕೋಣೆಯ ಬೆಚ್ಚನೆ ಗಾಳಿ ಮೇಲಿನ ಸಂದಿನಿಂದ ಶೇಡಿನ ಹಿಂದೆ ಹೋಗುತ್ತೆ, ತಣ್ಣನೆ ಗಾಜಿಗೆ ತಾಗಿ ಭಾರವಾಗಿ ಕೆಳಗಿಳಿದು, ಕೆಳಗಿನ ಸಂದಿನಿಂದ ಕಾಲ ಮೇಲೆ ಸುರಿಯುತ್ತೆ. ಎಲ್ಲಾ ಕಡೆ ಸಂದು ಬಿಟ್ಟ ಡಬಲ್ ಸೆಲ್‌ಗಿಂತ, ಚೌಕಟ್ಟಿನೊಳಗೆ ಬಿಗಿಯಾಗಿ ಕೂತ ಸಿಂಗಲ್ ಸೆಲ್ ವಾಸಿ ಅಂತ ನನಗನ್ಸುತ್ತೆ. ಬಿಗಿಯಾಗಿ ಕೂತ ಸೆಲ್ಯುಲರ್ ಶೇಡ್ ಕಿಟಕಿಯಿಂದ ಹೋಗೋ ಶಾಖವನ್ನು 40% ಅಥವಾ ಅದಕ್ಕಿಂತ ಹೆಚ್ಚು ತಗ್ಗಿಸಬಹುದು ಅಂತ ಇಂಧನ ಇಲಾಖೆ ಹೇಳುತ್ತೆ. ಆ 'ಬಿಗಿಯಾಗಿ' ಅನ್ನೋ ಪದವನ್ನು ಜಾಹೀರಾತುಗಳು ಸದ್ದಿಲ್ಲದೆ ನುಂಗಿಬಿಡ್ತವೆ.

ಅದಕ್ಕೇ ಅಳತೆ ಮುಖ್ಯ. ಕಿಟಕಿ ನೋಡೋಕೆ ಚೌಕವಾಗಿದ್ದರೂ ನಿಜವಾಗಿ ಚೌಕ ಇರಲ್ಲ. ನಮ್ಮ ಹಾಲಿನ ಕಿಟಕಿ ಮೇಲ್ಗಡೆ ಅಗಲ ಇದ್ದು, ಕೆಳಗೆ ಕಾಲಿಂಚು ಕಮ್ಮಿ ಇತ್ತು. ಚೌಕಟ್ಟಿನ ಒಳಗೆ ಕೂರಿಸೋದಾದ್ರೆ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಎಲ್ಲಕ್ಕಿಂತ ಚಿಕ್ಕದನ್ನು ಬರೀಬೇಕು. ಸ್ಟೀಲ್ ಟೇಪೇ ಬೇಕು, ದರ್ಜಿ ಟೇಪು ಎಳೆದರೆ ಹಿಗ್ಗುತ್ತೆ. ಆ ಅಳತೆಯಿಂದ ನೀವೇ ಏನೂ ಕಳೀಬೇಡಿ, ಆಡೋ ಜಾಗಕ್ಕೆ ಎಷ್ಟು ಬಿಡಬೇಕೋ ಅಷ್ಟನ್ನು ಕಾರ್ಖಾನೆಯವರೇ ಕಳೀತಾರೆ. ಇಬ್ಬರೂ ಕಳೆದರೆ ಸಂದು ಡಬಲ್ ಆಗುತ್ತೆ. ಚೌಕಟ್ಟಿನ ಆಳವನ್ನೂ ನೋಡಿ. ಆಳ ಕಮ್ಮಿ ಇದ್ದರೆ ಶೇಡ್ ಒಳಗೆ ಕೂರದೆ ಹೊರಗೆ ಉಬ್ಬಿಕೊಂಡಿರುತ್ತೆ.

ಬಾಣಂತಿ ಕೋಣೆಗೆ, ಅಂದ್ರೆ ನಮ್ಮ ಬೆಡ್‌ರೂಮಿಗೆ, ಬ್ಲ್ಯಾಕ್‌ಔಟ್ ಬಟ್ಟೆಯದ್ದನ್ನು ತಗೊಂಡು ಎರಡೂ ಪಕ್ಕಕ್ಕೆ ಹಳಿ ಹಾಕಿಸಿದೆವು. ಬಟ್ಟೆಯ ಅಂಚು ಆ ಹಳಿಯೊಳಗೇ ಜಾರುತ್ತೆ, ಬೆಳಕೂ ನುಸುಳಲ್ಲ, ಗಾಳಿಯೂ ಸುತ್ತಲ್ಲ. ಉತ್ತರಕ್ಕಿರೋ ಕಿಟಕಿ ಅದು, ಚಳಿಗಾಲದಲ್ಲಿ ಬಿಸಿಲು ಹೇಗೂ ಬರಲ್ಲ. ದುಡ್ಡು ಜಾಸ್ತಿ ಸುರಿದದ್ದು ಅಲ್ಲೊಂದೇ. ದಕ್ಷಿಣದ ಹಾಲಿಗೆ ಬೆಳಕು ಸೋಸೋ ತೆಳು ಬಟ್ಟೆ, ಸಿಂಗಲ್ ಸೆಲ್. ಅಲ್ಲಿ ಹಗಲು ಪೂರ್ತಿ ಮೇಲೆತ್ತಿಡೋದು, ಬಿಸಿಲು ಪುಕ್ಕಟೆ ಹೀಟರ್. ಸೂರ್ಯ ಮುಳುಗಿದ ತಕ್ಷಣ ಇಳಿಸೋದು. ಮನೆಗಳಲ್ಲಿ ಸುಮಾರು 75% ಪರದೆಗಳು ದಿನಾ ಇದ್ದ ಜಾಗದಲ್ಲೇ ಇರ್ತವಂತೆ, ಯಾರೂ ಮುಟ್ಟಲ್ಲ. ಹಾಗಿಟ್ಟರೆ ಅರ್ಧ ಲಾಭ ಹೋಯ್ತು. ಬಾತ್‌ರೂಮು, ಸ್ಟೋರು, ಆಫೀಸ್ ಕೋಣೆಗೆ ಅಂಗಡಿಯಲ್ಲೇ ಅಗಲ ಕತ್ತರಿಸಿಕೊಡೋ ರೆಡಿಮೇಡ್ ಮಾದರಿ. ಅಡುಗೆಮನೆ ಕಿಟಕಿಗೆ ಏನೂ ಇಲ್ಲ. ಒಟ್ಟು ಖರ್ಚು ಆ 4,200ರ ಅರ್ಧಕ್ಕಿಂತ ಕಮ್ಮಿ.

ಉಳಿದದ್ದು ಅಮ್ಮನ ಕೋಣೆ.

ಅವಳ ಕೋಣೆ ಪೂರ್ವಕ್ಕೆ. ಎದುರಿಗೆ ಪಕ್ಕದ ಮನೆಯ ಕಾರು ನಿಲ್ಲಿಸೋ ಜಾಗ. ಅವರು ಒಳ್ಳೆ ಜನ, ಆದ್ರೆ ಬೆಳಿಗ್ಗೆ ಆರಕ್ಕೇ ಹೆಡ್‌ಲೈಟ್ ನೇರ ಮಂಚಕ್ಕೆ ಬೀಳುತ್ತೆ. ಪರದೆ ಎತ್ತಿದರೆ ಅಮ್ಮ ಸೀರೆ ಉಡೋದು ಅವರಿಗೆ ಕಾಣುತ್ತೆ. ಮುಚ್ಚಿದರೆ ಕೋಣೆ ಕತ್ತಲು. ಅವಳು ಜೀವಮಾನವಿಡೀ ಬೆಳಿಗ್ಗೆ ಎದ್ದು ಮೊದಲು ಬಾಗಿಲು ತೆಗೆದವಳು. ಹಾಲಿನವನು, ಹೂವಿನವಳು, ಎದುರುಮನೆ ರಂಗೋಲಿ, ಬೀದಿಯಲ್ಲಿ ಹೋಗೋ ಕೊಬ್ಬರಿ ಲಾರಿ, ಇವಿಷ್ಟನ್ನೂ ನೋಡಿದ ಮೇಲೇ ಅವಳಿಗೆ ಕಾಫಿ. ಇಲ್ಲಿ ಡಿಸೆಂಬರ್‌ನಲ್ಲಿ ಸಂಜೆ 4.30ರ ಹೊತ್ತಿಗೆ ಕತ್ತಲಾಗುತ್ತೆ, ಹೊರಗೆ ಒಬ್ಬ ಮನುಷ್ಯ ಕಾಣಲ್ಲ.

ಬಂದ ನಾಲ್ಕನೇ ದಿನ ಸಂಜೆ ನಾನು ಹಾಲಿನ ಶೇಡ್ ಇಳಿಸ್ತಿದ್ದೆ. ಅಮ್ಮ ದೇವರ ಮುಂದೆ ದೀಪ ಹಚ್ಚಿ ಬಂದವಳು ನಿಂತುಬಿಟ್ಟಳು. "ಏನೇ ಇದು, ದೀಪ ಹಚ್ಚೋ ಹೊತ್ತಲ್ಲಿ ಎಲ್ಲಾ ಮುಚ್ಚಿಕೊಂಡು ಕೂರೋದಾ? ಲಕ್ಷ್ಮಿ ಎಲ್ಲಿಂದ ಒಳಗೆ ಬರಬೇಕು?" ಗಾಜಿನ ಉಷ್ಣತೆ, ಶಾಖದ ಲೆಕ್ಕ ಅಂತ ನಾನು ವಿವರಿಸೋಕೆ ಹೋದೆ. ಅವಳು ಕೇಳಿಸಿಕೊಂಡಳು, ಏನೂ ಅನ್ನಲಿಲ್ಲ. ರಾತ್ರಿ ಅಪ್ಪನ ಜೊತೆ ಫೋನಿನಲ್ಲಿ ಮೆಲ್ಲಗೆ ಹೇಳ್ತಿದ್ದದ್ದು ಗೋಡೆಯಾಚೆಯಿಂದ ಕೇಳಿಸ್ತು. "ಮನೆ ಚೆನ್ನಾಗಿದೆ ರೀ. ಉಸಿರು ಕಟ್ಟಿದ ಹಾಗಾಗುತ್ತೆ, ಅಷ್ಟೇ. ಅವಳಿಗೆ ಹೇಳ್ಬೇಡಿ."

ಅವಳ ಕಿಟಕಿಗೆ ಆರ್ಡರ್ ಮಾಡಿದ್ದ ಶೇಡ್ ಮಾತ್ರ ತಡವಾಗಿ ಬಂತು. ಅದು ಮೇಲಿಂದಲೂ ಕೆಳಗಿಂದಲೂ ತೆರೆಯೋ ಮಾದರಿ. ಸಾಮಾನ್ಯ ಶೇಡ್‌ನಲ್ಲಿ ಕೆಳಗಿನ ಪಟ್ಟಿ ಮಾತ್ರ ಏರುತ್ತೆ, ಇದರಲ್ಲಿ ಮೇಲಿನ ಪಟ್ಟಿಯನ್ನೂ ಬೇಕಾದಷ್ಟು ಕೆಳಗಿಳಿಸಬಹುದು. ಅಂದ್ರೆ ಕೆಳಗಿನ ಮುಕ್ಕಾಲು ಭಾಗ ಮುಚ್ಚೇ ಇದ್ದು ಮೇಲಿನ ಒಂದಡಿ ತೆರೆದಿರುತ್ತೆ. ಬೆಲೆ ಸ್ವಲ್ಪ ಜಾಸ್ತಿ. ಮೇಲೆ ತೆರೆದಾಗ ಶಾಖವೂ ಅಷ್ಟು ಹೋಗುತ್ತೆ, ಬಾಣಂತಿ ಕೋಣೆಗೆ ನಾನು ಇದನ್ನು ಆರಿಸ್ತಿರಲಿಲ್ಲ. ಅಮ್ಮನಿಗೆ ಹೇಗೆ ಜಾರಿಸೋದು ಅಂತ ತೋರಿಸಿದೆ. ಅವಳ ಎತ್ತರಕ್ಕೆ ಮೇಲಿನ ಪಟ್ಟಿ ಎಟುಕೋದು ಕಷ್ಟ, ಹಾಗಾಗಿ ಒಂದು ಮಣೆ ಇಟ್ಟೆವು. ಮಾರನೇ ದಿನ ಬೆಳಿಗ್ಗೆ ನೋಡಿದರೆ ಮಂಚದ ಮೇಲೆ ಕಾಫಿ ಲೋಟ ಹಿಡಿದು ಮೇಲಕ್ಕೆ ನೋಡ್ತಾ ಕೂತಿದ್ದಳು. ಎಲೆ ಉದುರಿದ ಮೇಪಲ್ ಮರದ ತುದಿ, ಒಂದು ಅಳಿಲು, ತುಂಡು ಆಕಾಶ. "ಇಲ್ಲಿ ಅಳಿಲಿಗೆ ಬೆನ್ನ ಮೇಲೆ ಗೀರೇ ಇಲ್ವಲ್ಲೇ" ಅಂದಳು. ಬಂದ ಮೇಲೆ ಅವಳಾಗಿ ಊರಿನ ಸುದ್ದಿ ಬಿಟ್ಟು ಇಲ್ಲಿನ ವಿಷಯ ಮಾತಾಡಿದ್ದು ಅದೇ ಮೊದಲು.

ಮಗು ಹುಟ್ಟಿದ ಎರಡನೇ ವಾರದಲ್ಲಿ ಸಂಕಷ್ಟಿ ಬಂತು. ಅಮ್ಮ ನಲವತ್ತು ವರ್ಷದಿಂದ ಬಿಟ್ಟವಳಲ್ಲ, ಚಂದ್ರನ್ನ ನೋಡದೆ ಊಟ ಮಾಡಲ್ಲ. ಊರಿನ ಪಂಚಾಂಗದ ಹೊತ್ತು ಇಲ್ಲಿಗೆ ಹೊಂದಲ್ಲ, ಫೋನ್‌ನಲ್ಲಿ ನೋಡಿ ಇಲ್ಲಿನ ಚಂದ್ರೋದಯದ ವೇಳೆ ಹೇಳಿದೆ. ಆದ್ರೆ ಪಕ್ಕದ ಮನೆಯ ಮಾಡು ದಾಟಿ ಮೇಲೆ ಬರೋಕೆ ಇನ್ನೂ ಒಂದು ಗಂಟೆ. ಹೊರಗೆ ಮೈನಸ್ 18. ನನ್ನ ಗಂಡ ಜಾಕೆಟ್, ಬೂಟು ತಂದು ಬಾಗಿಲ ಹತ್ತಿರ ಇಟ್ಟಿದ್ದರು, "ಅತ್ತೆ, ಎರಡೇ ನಿಮಿಷ, ನಾನು ಕೈ ಹಿಡ್ಕೋತೀನಿ" ಅಂತ. ಅಂಗಳದಲ್ಲಿ ಹೆಪ್ಪುಗಟ್ಟಿದ ನೆಲ, ಅಮ್ಮನಿಗೆ 61. ನನಗೆ ಹಸಿ ಮೈ, ಎದ್ದು ಹೋಗೋ ಹಾಗಿಲ್ಲ. ಅವಳು ಅವರಿಬ್ಬರೂ ಬೇಡ ಅಂತ ಕೋಣೆಗೆ ಹೋಗಿ, ಮಣೆ ಹತ್ತಿ ಮೇಲಿನ ಪಟ್ಟಿ ಇಳಿಸಿ, ದೀಪ ಆರಿಸಿ ಕೂತಳು. ಹತ್ತೂಕಾಲಿಗೆ "ಬಂದ ಕಣೇ!" ಅಂತ ಕೂಗಿದ್ದಕ್ಕೆ ಮಗು ಎದ್ದುಬಿಡ್ತು.

ಹಾಗಂತ ಈ ಶೇಡ್‌ಗಳಿಗೆ ತೊಂದರೆ ಇಲ್ಲ ಅಂತಲ್ಲ. ಒಂದು ತಿಂಗಳು ಕಳೆದ ಮೇಲೆ ಬಾಣಂತಿ ಕೋಣೆಯ ಕಿಟಕಿಯ ಕೆಳಗೆ ಬೆಳಿಗ್ಗೆ ನೀರು ನಿಲ್ಲತೊಡಗಿತು. ಶೇಡ್ ಕೆಟ್ಟದ್ದಲ್ಲ, ಚೆನ್ನಾಗಿ ಕೆಲಸ ಮಾಡ್ತಿದ್ದದ್ದೇ ಕಾರಣ. ಕೋಣೆಯ ಬಿಸಿ ಗಾಜಿಗೆ ತಲುಪದೇ ಇರೋದರಿಂದ ಗಾಜು ಮೊದಲಿಗಿಂತ ತಣ್ಣಗಾಗುತ್ತೆ. ಥರ್ಮಾಮೀಟರ್ ಹಿಡಿದೆವು, ಶೇಡ್ ಬಟ್ಟೆಯ ಮೇಲೆ 15, ಹಿಂದಿನ ಗಾಜು 1 ಡಿಗ್ರಿ. ಕೋಣೆಯ ತೇವ ಹೇಗೋ ನುಸುಳಿ ಅಲ್ಲಿ ಇಬ್ಬನಿ ಕಟ್ಟುತ್ತೆ. ಮಗುವಿಗೆ ಅಂತ ಹಚ್ಚಿದ್ದ ಹ್ಯೂಮಿಡಿಫೈಯರ್ ಬೇರೆ. ಹಾಗೇ ಬಿಟ್ಟರೆ ಮರದ ಚೌಕಟ್ಟಿಗೆ ಬೂಷ್ಟು. ಹ್ಯೂಮಿಡಿಫೈಯರ್ ತಗ್ಗಿಸಿ, ದಿನಾ ಬೆಳಿಗ್ಗೆ ಒಂದು ಗಂಟೆ ಶೇಡ್ ಪೂರ್ತಿ ಎತ್ತಿ ಬಟ್ಟೆಯಲ್ಲಿ ಒರೆಸೋ ಕೆಲಸ ನನ್ನ ಗಂಡನ ಪಾಲಿಗೆ ಬಂತು. ಇನ್ನು ಸಾಂಬ್ರಾಣಿ. ಮಗುವಿಗೆ ಎರೆದ ಮೇಲೆ ಅಮ್ಮ ಹೊಗೆ ಹಾಕ್ತೀನಿ ಅಂದಾಗ ನಾನು ಹೆದರಿದ್ದು ಸ್ಮೋಕ್ ಅಲಾರಂಗೆ. ಅದು ಸುಮ್ಮನಿತ್ತು. ಜೇನುಗೂಡಿನ ಬಟ್ಟೆ ಸುಮ್ಮನಿರಲಿಲ್ಲ, ಇವತ್ತಿಗೂ ಆ ಶೇಡ್ ಹತ್ತಿರ ಮೂಗು ಹಿಡಿದರೆ ಸಾಂಬ್ರಾಣಿ ವಾಸನೆ ಬರುತ್ತೆ. ಅದನ್ನು ನಾನು ತೊಂದರೆಗಳ ಪಟ್ಟಿಗೆ ಸೇರಿಸಲ್ಲ.

ಇದನ್ನೆಲ್ಲಾ ಕೇಳಿ ಬೆಂಗಳೂರಲ್ಲಿರೋ ನನ್ನ ತಂಗಿ "ನಾನೂ ಹಾಕಿಸ್ಲಾ?" ಅಂದಳು. ಅವಳದ್ದು ಪಶ್ಚಿಮಕ್ಕೆ ಮುಖ ಮಾಡಿದ ಫ್ಲ್ಯಾಟು, ಏಪ್ರಿಲ್ ಸಂಜೆ ಬೇಯುತ್ತೆ. ಬೇಡ ಅಂದೆ. ಅಲ್ಲಿ ಸಮಸ್ಯೆ ಒಳಗಿನ ಶಾಖ ಹೊರಗೆ ಹೋಗೋದಲ್ಲ, ಬಿಸಿಲು ಒಳಗೆ ಬರೋದು. ಅದನ್ನು ಗಾಜಿಗೆ ತಾಗೋ ಮೊದಲೇ ತಡೆದರೆ ಜಾಸ್ತಿ ಲಾಭ. ಸಜ್ಜ, ಬಾಲ್ಕನಿಗೆ ಹೊರಗಿಂದ ಇಳಿಬಿಡೋ ಬಿದಿರಿನ ಚಾಪೆ, ಒಂದೆರಡು ದೊಡ್ಡ ಗಿಡ, ಇವೇ ಸಾಕು. ಕಿಟಕಿ ತೆರೆದು ಸಂಜೆ ಗಾಳಿ ಬಿಟ್ಟುಕೊಳ್ಳೋ ಊರದು, ಜೇನುಗೂಡು ಶೇಡ್ ಇಳಿಸಿದರೆ ಗಾಳಿಯೂ ನಿಲ್ಲುತ್ತೆ. ಮೇಲಾಗಿ ಆ ಗೂಡುಗಳೊಳಗೆ ಬೆಂಗಳೂರಿನ ಧೂಳು, ಸತ್ತ ಹುಳ ಹೊಕ್ಕರೆ ತೆಗೆಯೋದು ಹೇಗೆ? ಇಡೀ ದಿನ ಏಸಿ ಹಾಕಿ ಮುಚ್ಚಿಟ್ಟುಕೊಳ್ಳೋ ಕೋಣೆ ಆದ್ರೆ, ರಾತ್ರಿ ಪಾಳಿ ಮಾಡಿ ಹಗಲು ಮಲಗೋರಾದ್ರೆ, ಆ ಒಂದು ಕಿಟಕಿಗೆ ಬಿಳಿ ಬೆನ್ನಿನ ಬ್ಲ್ಯಾಕ್‌ಔಟ್ ಮಾದರಿ ಯೋಚಿಸಬಹುದು.

ಅಮ್ಮ ಜೂನ್‌ನಲ್ಲಿ ಊರಿಗೆ ಹೋದಳು. ಮಗು ಈಗ ಎದ್ದು ನಿಂತು ಕೈಗೆ ಸಿಕ್ಕಿದ್ದನ್ನೆಲ್ಲಾ ಎಳೆಯುತ್ತೆ, ಮೊನ್ನೆ ಹಾಲಿನ ಶೇಡ್‌ನ ಕೆಳಗಿನ ಪಟ್ಟಿ ಹಿಡಿದು ಜೋತುಬಿದ್ದು ಎರಡು ಗೂಡು ಸುಕ್ಕಾಗಿಸಿದ್ದಾಳೆ. ಅಡುಗೆಮನೆ ಕಿಟಕಿ ಇನ್ನೂ ಖಾಲಿ ಇದೆ. ಈ ಚಳಿಗಾಲಕ್ಕೆ ಮುಂಚೆ ಅದಕ್ಕೂ ಒಂದು ಹಾಕಿಸೋಣ ಅಂತ ನನ್ನ ಗಂಡ ಅಳತೆ ತಗೊಂಡಿದ್ದಾರೆ. ಅಮ್ಮನಿಗೆ ಫೋನಲ್ಲಿ ಹೇಳಿದೆ. "ಹಾಕಿಸ್ಕೋ. ಆದ್ರೆ ದೀಪ ಹಚ್ಚೋ ಹೊತ್ತಲ್ಲಿ ಅದೊಂದನ್ನಾದ್ರೂ ಹತ್ತು ನಿಮಿಷ ತೆಗೆದಿಡು" ಅಂದಳು. ಹತ್ತು ನಿಮಿಷಕ್ಕೆ ಶಾಖ ಎಷ್ಟು ಹೋಗುತ್ತೆ ಅಂತ ನಮ್ಮವರು ಆಗಲೇ ಎಕ್ಸೆಲ್ ತೆರೆದಿದ್ದರು. ನಾನು ಲ್ಯಾಪ್‌ಟಾಪ್ ಮುಚ್ಚಿಸಿದೆ.